ಸರಸ್ವತಿಯ ಆರು ರಾಕ್ಷಸರು

ಗಿರಣಿಯ ಮುಂದಿನ ಬೆಂಚಿನಲ್ಲಿ ಗೋಧಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ, ತನ್ನನ್ನು ದಿನಾ ಮಧ್ಯಾಹ್ನ ಎರಡೂವರೆಗೆ ಮನೆಯಿಂದ ಹೊರಗೆ ಕಳಿಸಲಾಗುತ್ತಿದೆ ಎಂಬುದು ನಂಜುಂಡನಿಗೆ ಹೊಳೆಯಿತು. ಸೋಮವಾರ ರೇಶನ್ ಅಂಗಡಿ, ಮಂಗಳವಾರ ಕರಿಬೇವು, ನಿನ್ನೆ ಇಸ್ತ್ರಿಗೆ ಕೊಟ್ಟ ಬಟ್ಟೆ, ಇವತ್ತು ಗಿರಣಿ. ಕರಿಬೇವನ್ನು ಬೆಳಿಗ್ಗೆ ತರಕಾರಿಯ ಜೊತೆಗೇ ತರಬಹುದಿತ್ತು. ‘ಸ್ವಲ್ಪ ನಿಧಾನವಾಗೇ ಬನ್ನಿ, ಬಿಸಿ ಹಿಟ್ಟು ಮುಚ್ಚಿದ್ರೆ ಬೆವರತ್ತೆ’ ಎಂದು ಸರಸ್ವತಿ ಬಾಗಿಲಲ್ಲಿ ನಿಂತು ಹೇಳಿದ್ದಳು. ಹೇಳುವಾಗ ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಇಪ್ಪತ್ತೇಳು ವರ್ಷ ಬಣ್ಣದ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಕೂತು, ಸಾವಿರದ ನೂರು ಜನ ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ನಿಮಿಷ ಬಿಡದೆ ಬರೆದಿಟ್ಟ ಮನುಷ್ಯ ತಾನು. ಮಾತಾಡುವವರ ಕಣ್ಣು ಗಡಿಯಾರದ ಕಡೆಗೆ ಯಾಕೆ ಹೋಗುತ್ತದೆ ಎಂಬುದು ತಿಳಿಯಲು ತನಗೆ ಎರಡು ತಿಂಗಳು ಬೇಕಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಜೂನಿನಲ್ಲಿ ಕಾರ್ಖಾನೆಯವರು ಗೇಟಿಗೆ ಕಾರ್ಡು ಓದುವ ಯಂತ್ರ ಹಾಕಿಸಿ, ಐವತ್ತು ದಾಟಿದವರನ್ನು ಒಬ್ಬೊಬ್ಬರಾಗಿ ಕರೆದು, ಸ್ವಂತ ಇಚ್ಛೆಯಿಂದ ನಿವೃತ್ತರಾಗಬೇಕೆಂದು ಹೇಳಿದ್ದರು. ನಂಜುಂಡ ಸ್ವಂತ ಇಚ್ಛೆಯಿಂದ ನಿವೃತ್ತನಾಗಿದ್ದ. ಅಲ್ಲಿಯವರೆಗೆ ಮಧ್ಯಾಹ್ನ ಎರಡೂವರೆಗೆ ತನ್ನ ಮನೆ ಹೇಗಿರುತ್ತದೆ ಎಂಬುದನ್ನು ಅವನು ನೋಡಿದ್ದೇ ಇಲ್ಲ. ಭಾನುವಾರ ಮನೆಯಲ್ಲಿರುತ್ತಿದ್ದ, ಆದರೆ ಆ ಹೊತ್ತಿಗೆ ನಿದ್ದೆ ಮಾಡುತ್ತಿದ್ದ.

ಸರದಿ ಬಂತು. ಹಿಟ್ಟು ಆರಲು ಬಿಡದೆ ಮುಚ್ಚಳ ಒತ್ತಿ, ಚೆಂಬೂರು ಸ್ಟೇಷನ್ನಿನ ರಸ್ತೆ ದಾಟಿ, ಬಿಲ್ಡಿಂಗಿನ ಮೂರು ಮಹಡಿ ಹತ್ತಿ ಬಂದರೆ ಮನೆಗೆ ಬೀಗ. ಎದುರು ಮನೆಯ ಶೀಲಾವತಿಯ ಬಾಗಿಲು ಅರ್ಧ ತೆರೆದಿತ್ತು. ಶೀಲಾವತಿ ಉಡುಪಿ ಕಡೆಯವಳು, ಮೂವತ್ತೈದರ ಹೆಂಗಸು. ಗಂಡ ದೂಜ, ಸರಕಿನ ಹಡಗಿನಲ್ಲಿ ಅಡುಗೆಯವನು, ವರ್ಷದಲ್ಲಿ ಒಂಬತ್ತು ತಿಂಗಳು ನೀರಿನ ಮೇಲೆ. ಒಳಗಿನಿಂದ ತಗಡಿನ ಮೇಲೆ ಗೋಲಿ ಸುರಿದಂಥ ಸದ್ದು ಬಂತು. ಅದರ ಹಿಂದೆಯೇ ಸರಸ್ವತಿಯ ದನಿ: “ಅವಳನ್ನ ವಾಪಸ್ ಕರಿ, ಸುಟ್ಟುಹೋಗ್ತಾಳೆ. ಕುಕ್ಕರನ್ನ ಕಳ್ಸು. ಯೋಚ್ನೆ ಮಾಡ್ಬೇಡ, ಕಳ್ಸು!”

ಈ ದನಿಯನ್ನು ನಂಜುಂಡ ಇದುವರೆಗೆ ಕೇಳಿರಲಿಲ್ಲ. ಮನೆಯಲ್ಲಿ ಅವಳ ಮಾತು ಕೊನೆಗೆ ಬರುವಷ್ಟರಲ್ಲಿ ಸಣ್ಣಗಾಗಿ, ಉಳಿದದ್ದನ್ನು ಕೇಳುವವನೇ ಊಹಿಸಿಕೊಳ್ಳಬೇಕಾಗುತ್ತಿತ್ತು. ಇದು ಷಿಫ್ಟಿನ ಸೂಪರ್‌ವೈಸರನ ದನಿ. ಬಾಗಿಲು ತಳ್ಳಿದ. ಚಾಪೆಯ ಮೇಲೆ ಇಬ್ಬರೂ ಕಾಲು ಮಡಿಸಿ ಕೂತಿದ್ದರು, ಕೈಯಲ್ಲಿ ವೈರ್ ಇದ್ದ ಪುಟ್ಟ ಪೆಟ್ಟಿಗೆಗಳು; ಎದುರಿಗೆ ಟಿ.ವಿ.ಯಲ್ಲಿ ಕೊಂಬಿನದೊಂದು ಪ್ರಾಣಿ ಹೊಗೆ ಬಿಡುತ್ತಿತ್ತು.

“ಅಯ್ಯೋ, ನಂಜುಂಡಣ್ಣ ಬಂದ್ರು ಮಾರಾಯ್ರೆ,” ಎಂದಳು ಶೀಲಾವತಿ, ಏಳದೆ. “ಬನ್ನಿ, ಕೂತ್ಕೊಳ್ಳಿ. ಎರಡು ನಿಮಿಷ ಉಂಟು. ಈಗ ನಿಲ್ಲಿಸಿದ್ರೆ ಎಲ್ಲ ಹಾಳು.”

ಸರಸ್ವತಿ ತಿರುಗಿ ನೋಡಲಿಲ್ಲ. “ಹಿಟ್ಟು ಬಿಸಿ ಇದ್ಯಾ?”

“ಇದೆ.”

“ಮುಚ್ಚಳ ತೆಗೆದಿಡಿ.”

ಅವನು ಮುಚ್ಚಳ ತೆಗೆದಿಟ್ಟ.

ಅದು ದೂಜ ಹಿಂದಿನ ವರ್ಷ ಜಪಾನಿನ ಯಾವುದೋ ಬಂದರಿನಲ್ಲಿ ಕೊಂಡುತಂದ ವಿಡಿಯೋ ಗೇಮ್. ಕ್ಯಾಸೆಟ್ಟಿನಲ್ಲಿ ಅರವತ್ತೆರಡು ರಾಕ್ಷಸರಿದ್ದರು. ಅವರಲ್ಲಿ ಆರು ಜನರನ್ನು ಆರಿಸಿ ತಂಡ ಕಟ್ಟಬೇಕು. ಎದುರಿನವರೂ ಆರು ಜನರನ್ನು ಕಟ್ಟುತ್ತಾರೆ. ಆಮೇಲೆ ಒಬ್ಬರೆದುರು ಒಬ್ಬರನ್ನು ಕಳಿಸಿ ಹೊಡೆದಾಡಿಸುವುದು. ಬೆಂಕಿಯವರು ಗಿಡದವರನ್ನು ಸುಡುತ್ತಾರೆ, ನೀರಿನವರು ಬೆಂಕಿಯವರನ್ನು ಆರಿಸುತ್ತಾರೆ, ಗಿಡದವರು ನೀರಿನವರನ್ನು ಕುಡಿದೇಬಿಡುತ್ತಾರೆ; ಬೆಂಕಿಯವರಿಗೂ ಕಲ್ಲಿನವರಿಗೂ ಬೆಂಕಿ ಅಷ್ಟಾಗಿ ತಾಗದು, ನೀರು ತಾಗುತ್ತದೆ. ಅಕ್ಷರವೆಲ್ಲ ಜಪಾನಿ. ಅಂಕಿ ಮಾತ್ರ ಎಲ್ಲರೂ ಓದುವ ಅಂಕಿ. ಆ ಅಂಕಿಗಳೇ ಸಾಕಾಗಿದ್ದವು ಸರಸ್ವತಿಗೆ. ಯಾವ ರಾಕ್ಷಸನ ಯಾವ ಏಟಿಗೆ ಎದುರಿನವನ ಆಯುಸ್ಸು ಎಷ್ಟು ಕಡಿಮೆಯಾಗುತ್ತದೆ, ಯಾರು ಮೊದಲು ಕೈ ಎತ್ತುತ್ತಾರೆ, ಯಾರು ಮೂರನೇ ಏಟಿಗೆ ಮಂಕಾಗುತ್ತಾರೆ ಎಂದು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಬರೆದಿದ್ದಳು. ಹೆಣ್ಣು ನೋಡಲು ಹೋದಾಗ ಅವಳ ಅಪ್ಪ, ಹುಡುಗಿಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತೊಂದು ಎಂದು ಹೇಳಿದ್ದರು. ಆಗ ನಂಜುಂಡ ಉಪ್ಪಿಟ್ಟು ತಿನ್ನುತ್ತಿದ್ದ. ಹೆಸರು ಓದಲು ಬಾರದ್ದರಿಂದ ಇಬ್ಬರೂ ಸೇರಿ ರಾಕ್ಷಸರಿಗೆಲ್ಲ ಹೆಸರಿಟ್ಟಿದ್ದರು: ಒಲೆ, ಕುಕ್ಕರ್, ನಲ್ಲಿ, ಡಬಲ್ ಡೆಕ್ಕರ್, ಬಸಳೆ, ಟಿ.ಸಿ. ನಂಜುಂಡ ಒಂದೊಂದನ್ನೇ ಕೇಳಿ ತಿಳಿದುಕೊಂಡ. ಕಲ್ಲಿನ ಮೈಯ, ಬಾಯಿ ಮುಚ್ಚಿದ, ಆಮೆಯಂಥದ್ದೊಂದು ಪರದೆಯ ಮಧ್ಯೆ ಬಂದು ಕೂತಾಗ ಅದರ ಹೆಸರೇನೆಂದು ಕೇಳಿದ. ಶೀಲಾವತಿ ಸರಸ್ವತಿಯ ಮುಖ ನೋಡಿದಳು.

“ಟೈಮಾಫೀಸು,” ಎಂದಳು ಸರಸ್ವತಿ. “ಬಾಗಿಲಲ್ಲೇ ಕೂತಿರತ್ತೆ. ಯಾರನ್ನೂ ಒಳಗೆ ಬಿಡಲ್ಲ.”

“ಒಳ್ಳೇ ರಾಕ್ಷಸ ಅಣ್ಣ ಅದು,” ಎಂದಳು ಶೀಲಾವತಿ ಅವಸರದಿಂದ. “ಎಷ್ಟು ಹೊಡೆದ್ರೂ ಸಾಯೂದಿಲ್ಲ.”

ಅಂದಿನಿಂದ ಅವನನ್ನು ಯಾರೂ ಗಿರಣಿಗೆ ಕಳಿಸಲಿಲ್ಲ. ಎರಡೂವರೆಗೆ ಅವನೂ ಎದುರು ಮನೆಗೆ ಹೋಗಿ ಸ್ಟೀಲ್ ಕುರ್ಚಿಯ ಮೇಲೆ ಕೂರುತ್ತಿದ್ದ. ಹೆಂಗಸರು ಚಾಪೆಯ ಮೇಲೆ. ಮೂರನೆಯ ದಿನ ತಾನೂ ಆಡುತ್ತೇನೆಂದ. ಅರವತ್ತೆರಡರಲ್ಲಿ ಎಲ್ಲಕ್ಕಿಂತ ಬಲಶಾಲಿಗಳಾದ ಆರು ಜನರನ್ನು ಆರಿಸಿದ. ಸರಸ್ವತಿ ತಲೆಯಾಡಿಸಿದಳು. ಒಂಬತ್ತು ನಿಮಿಷದಲ್ಲಿ ಅವನ ಆರೂ ಬಿದ್ದವು. ಅವಳದು ಒಂದು ಬಿತ್ತು. ಆ ಒಂದನ್ನು ಅವಳು ಬೇಕೆಂದೇ ಬೀಳಿಸಿದ್ದಳು ಎಂಬುದು ಅವನಿಗೆ ಆಟ ಮುಗಿದ ಮೇಲೆ, ಬಚ್ಚಲಲ್ಲಿ ಕಾಲು ತೊಳೆಯುವಾಗ ತಿಳಿಯಿತು. ಆರರಲ್ಲಿ ಒಂದನ್ನಾದರೂ ಹೊಡೆದನಲ್ಲ ಎಂದು ಗಂಡ ಸಮಾಧಾನಪಡಲಿ ಎಂದು. ಕಾರ್ಖಾನೆಯ ಬೀಳ್ಕೊಡುಗೆಯ ದಿನ ಮ್ಯಾನೇಜರನು ‘ನಂಜುಂಡ ಇಲ್ಲದ ಗೇಟನ್ನು ಊಹಿಸಿಕೊಳ್ಳುವುದೇ ಕಷ್ಟ’ ಎಂದದ್ದೂ, ಅವನು ಹಾಗೆನ್ನುತ್ತಿದ್ದಾಗ ಹಿಂದುಗಡೆ ಗೇಟಿನ ಹೊಸ ಯಂತ್ರ ಕಾರ್ಡು ಓದಿ ಕೀ ಎಂದದ್ದೂ ನೆನಪಾಯಿತು. ಟವೆಲಿನಿಂದ ಒರೆಸಿಕೊಂಡ ಕಾಲನ್ನೇ ಇನ್ನೊಮ್ಮೆ ಒರೆಸಿದ.

ಗಣಪತಿ ಹಬ್ಬ ಮುಗಿದ ಮೇಲಿನ ಎರಡನೆಯ ಭಾನುವಾರ ಬಾಂದ್ರಾದಲ್ಲಿ ಪಂದ್ಯವಿತ್ತು. ವಿಡಿಯೋ ಗೇಮ್ ಮಾರುವ ಅಂಗಡಿಯವನೊಬ್ಬ ಒಂದು ಶಾಲೆಯ ಹಾಲ್ ಹಿಡಿದು ಇದೇ ಕ್ಯಾಸೆಟ್ಟಿನ ಪಂದ್ಯ ಇಟ್ಟಿದ್ದ. ಯಾರು ಯಾರೆದುರು ಎಂಬ ಪಟ್ಟಿಯನ್ನು ವಾರ ಮೊದಲೇ ಎಲ್ಲ ಕ್ಯಾಸೆಟ್ ಅಂಗಡಿಗಳಿಗೂ ಕಳಿಸಿದ್ದ. ಚೆಂಬೂರು ಸ್ಟೇಷನ್ನಿನ ಪಕ್ಕ ಕ್ಯಾಸೆಟ್ ಬಾಡಿಗೆಗೆ ಕೊಡುವ ರಮಾನಾಥನ ಅಂಗಡಿಯ ಗಾಜಿಗೂ ಅದನ್ನು ಅಂಟಿಸಿದ್ದರು. ಸರಸ್ವತಿಯೂ ಹೆಸರು ಕೊಟ್ಟಿದ್ದಳು; ಮೊದಲ ಸುತ್ತಿನಲ್ಲಿ ಅವಳ ಎದುರು ಬಂದವನು ಸ್ವತಃ ರಮಾನಾಥನೇ. ಇಪ್ಪತ್ತೈದರ ಪ್ರಾಯ, ಮಂಗಳೂರಿನವರ ಮಗ, ಹುಟ್ಟಿದ್ದು ಇಲ್ಲೇ. ಚೆಂಬೂರಿನಲ್ಲಿ ಅವನನ್ನು ಸೋಲಿಸಿದವರಿರಲಿಲ್ಲ. ಅವನ ತಂಡವೆಲ್ಲ ಬೆಂಕಿ, ಅದು ಎಲ್ಲರಿಗೂ ಗೊತ್ತಿತ್ತು. ಅವನು ಮುಚ್ಚಿಡುತ್ತಲೂ ಇರಲಿಲ್ಲ. ನಿಯಮ ಎರಡೇ: ಬೆಳಿಗ್ಗೆ ಆರು ರಾಕ್ಷಸರ ನಂಬರು ಚೀಟಿಯಲ್ಲಿ ಬರೆದು ಕೊಟ್ಟರೆ ಸಂಜೆಯವರೆಗೆ ಬದಲಾಯಿಸುವಂತಿಲ್ಲ, ಆಡುವವರ ಪಕ್ಕದಲ್ಲಿ ಸಲಹೆ ಕೊಡಲು ಒಬ್ಬರು ಕೂರಬಹುದು.

“ಪಕ್ಕದಲ್ಲಿ ನಾನು ಕೂತ್ಕೊಳ್ಳಲಾ?” ಎಂದು ನಂಜುಂಡ ಮಂಗಳವಾರ ಊಟಕ್ಕೆ ಕೂತಾಗ ಕೇಳಿದ. ಕೇಳುವ ಮೊದಲು ಎರಡು ಸಲ ಮಜ್ಜಿಗೆ ಹಾಕಿಸಿಕೊಂಡಿದ್ದ.

“ನಿಮಗ್ಯಾಕೆ ತೊಂದ್ರೆ. ಶೀಲಾ ಇದಾಳಲ್ಲ.”

“ತೊಂದ್ರೆ ಏನಿಲ್ಲ.”

“ಬಾಂದ್ರಾಕ್ಕೆ ಬನ್ನಿ, ಬರ್ಬೇಡಿ ಅನ್ನಲ್ಲ,” ಎಂದಳು ಸರಸ್ವತಿ. ಸ್ವಲ್ಪ ಯೋಚಿಸಿ, “ಬ್ಯಾಗ್ ಹಿಡ್ಕೊಳ್ಳೋಕೂ ಒಬ್ಬರು ಬೇಕಲ್ಲ,” ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಜಗಳವಾಡಬಹುದಿತ್ತು.

ಬುಧವಾರ ಮಧ್ಯಾಹ್ನ ಅವಳು ಹಪ್ಪಳ ಒಣಹಾಕಲು ತಾರಸಿಗೆ ಹೋಗಿದ್ದಾಗ, ನಂಜುಂಡ ಹಬ್ಬದಲ್ಲಿ ಉಳಿದಿದ್ದ ಚಕ್ಕುಲಿ ತಿನ್ನುತ್ತ ಅಕ್ಕಿ ಡಬ್ಬಿಯ ಮೇಲಿದ್ದ ನೋಟ್‌ಬುಕ್ಕನ್ನು ತೆರೆದ. ಅದನ್ನು ಅಡಗಿಸಿಟ್ಟಿರಲಿಲ್ಲ, ಅವನು ಓದುತ್ತಾನೆಂದು ಯಾರೂ ಎಣಿಸಿರಲಿಲ್ಲ ಎಂದೇ ಅದು ಹಾಗೆ ಬಿದ್ದಿತ್ತೇನೋ. ಕೊನೆಯ ಹಾಳೆಯ ಮೇಲೆ ‘ಬಾಂದ್ರಾ’ ಎಂದು ಬರೆದು ಕೆಳಗೆ ಏಳು ಹೆಸರು, ಏಳು ನಂಬರು ಇದ್ದವು. ಒಲೆ, ಕುಕ್ಕರ್, ಡಬಲ್ ಡೆಕ್ಕರ್, ಹೀಗೆ ಬೆಂಕಿಯವರೂ ಕಲ್ಲಿನವರೂ. ಏಳನೆಯದನ್ನು ಹೊಡೆದುಹಾಕಿದ್ದಳು. ಹೊಡೆದುಹಾಕಿದ ಗೆರೆಯ ಕೆಳಗೆ ಟೈಮಾಫೀಸು ಎಂದು ಓದಬಹುದಿತ್ತು; ಪಕ್ಕದಲ್ಲಿ ಅವಳ ಸಣ್ಣ ಅಕ್ಷರದಲ್ಲಿ ಕಾರಣವನ್ನೂ ಬರೆದಿದ್ದಳು: ‘ನಿಧಾನ. ಒಂದು ಸಲ ಕೂತರೆ ಏಳುವುದಿಲ್ಲ. ನಮ್ಮವರಿಗೂ ದಾರಿ ಬಿಡುವುದಿಲ್ಲ.’ ನಂಜುಂಡ ಅದನ್ನು ಮೂರು ಸಲ ಓದಿದ. ಇದು ಒಂದು ಆಟದೊಳಗಿನ ಆಮೆಯ ಬಗ್ಗೆ ಬರೆದ ಮಾತು ಎಂದು ತನಗೆ ತಾನೇ ಹೇಳಿಕೊಂಡ. ಆ ಹೆಸರಿಟ್ಟಾಗ ಆಗಿದ್ದ ಅವಮಾನಕ್ಕಿಂತ ಈಗ ಅದನ್ನು ತಂಡದಿಂದ ಬಿಟ್ಟದ್ದರ ಅವಮಾನ ಹೆಚ್ಚಾಗಿತ್ತು. ಹೀಗಾಗುವುದು ತಪ್ಪು ಎಂದೂ ಅವನಿಗೆ ಗೊತ್ತಿತ್ತು. ಪುಸ್ತಕವನ್ನು ಮೊದಲಿದ್ದ ಓರೆಯಲ್ಲೇ ಇಟ್ಟು ಚಕ್ಕುಲಿಯ ಡಬ್ಬಿ ಮುಚ್ಚಿದ. ಆರು ನಂಬರುಗಳೂ ತಲೆಯಲ್ಲಿ ಕೂತಿದ್ದವು. ಬೇಕೆಂದು ನೆನಪಿಟ್ಟದ್ದಲ್ಲ. ಸಾವಿರದ ನೂರು ಜನರ ಟೋಕನ್ ನಂಬರು ತಲೆಯಲ್ಲಿಟ್ಟುಕೊಂಡವನಿಗೆ ಆರು ನಂಬರನ್ನು ಮರೆಯುವುದೇ ಕಷ್ಟದ ಕೆಲಸ. ಇವತ್ತಿಗೂ ರಸ್ತೆಯಲ್ಲಿ ಯಾರಾದರೂ ನಮಸ್ಕಾರ ಸಾಹೇಬರೇ ಎಂದರೆ ಮೊದಲು ನೆನಪಿಗೆ ಬರುವುದು ನಂಬರು, ಆಮೇಲೆ ಹೆಸರು. ಆರುನೂರ ಮೂವತ್ತೆಂಟು ಕಾಶಪ್ಪ.

ಕಾಶಪ್ಪ ವಿಜಾಪುರದ ಕಡೆಯವನು, ಡ್ರಮ್ ತೊಳೆಯುವ ವಿಭಾಗದವನು. ಎಂಟು ವರ್ಷದ ಹಿಂದೆ ಒಂದು ಶನಿವಾರ ಅವನು ಕೆಲಸಕ್ಕೆ ಬಾರದಿದ್ದರೂ ಅವನ ಹಾಜರಿ ಕಾರ್ಡನ್ನು ಗೆಳೆಯನೊಬ್ಬ ಪಂಚ್ ಮಾಡಿದ್ದನ್ನು ನಂಜುಂಡ ಕಿಟಕಿಯಿಂದ ನೋಡಿದ್ದ. ಕಾಶಪ್ಪನ ಹೆಂಡತಿ ಆಸ್ಪತ್ರೆಯಲ್ಲಿದ್ದಳು, ಹೆರಿಗೆಯಲ್ಲಿ ತೊಂದರೆಯಾಗಿತ್ತು ಎಂಬುದೂ ಅವನಿಗೆ ಗೊತ್ತಿತ್ತು. ಹಿಂದಿನ ದಿನ ಕಾಶಪ್ಪನೇ ಹೇಳಿದ್ದ. ಸೋಮವಾರ ಮ್ಯಾನೇಜರ್ ಎಂದಿನಂತೆ ‘ಎಲ್ಲ ಸರಿಯಾಗಿದೆಯಾ’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದೆ ಹೆಜ್ಜೆ ಹಾಕಿದ್ದ. ಅವನನ್ನು ನಿಲ್ಲಿಸಿ ನಂಜುಂಡ ಹೇಳಿದ. ಯಾಕೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದ. ಮ್ಯಾನೇಜರ್ ನಿಂತದ್ದು, ತಿರುಗಿದ್ದು, ‘ಹೌದಾ, ಕೂತ್ಕೊಳ್ಳಿ’ ಎಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಕಾಶಪ್ಪನ ಕೆಲಸ ಹೋಯಿತು. ಹತ್ತು ದಿನದ ಮೇಲೆ ಅವನ ಹೆಂಡತಿ ರಾಚವ್ವ, ಹಸಿ ಬಾಣಂತಿ, ವಿಳಾಸ ಹುಡುಕಿಕೊಂಡು ಮೂರು ಮಹಡಿ ಹತ್ತಿ ಬಂದು ಹೊಸ್ತಿಲ ಹೊರಗೆ ಕೂತಳು. ‘ನೀವು ಹೇಳದಿದ್ರ ಯಾರಿಗಿ ಗೊತ್ತಾಗ್ತಿತ್ತರಿ ಸಾಹೇಬ್ರ?’ ಎಂದು ಕೇಳಿದಳು. ಅಳಲಿಲ್ಲ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದಳು. ‘ನೋಡಿದ್ದನ್ನ ಹೇಳ್ದೆ ಅಷ್ಟೆ ಕಣಮ್ಮ,’ ಎಂದ ನಂಜುಂಡ. ಸರಸ್ವತಿ ಒಳಗಿನಿಂದ ಎರಡು ಲೋಟ ಚಹಾ ತಂದು, ಒಂದನ್ನು ರಾಚವ್ವನಿಗೆ ಕೊಟ್ಟು, ತಾನೂ ಹೊಸ್ತಿಲ ಹೊರಗೆ ಅವಳ ಪಕ್ಕದಲ್ಲಿ ಕೂತು ಇನ್ನೊಂದನ್ನು ಕುಡಿದಳು. ನಂಜುಂಡನಿಗೆ ಚಹಾ ಮಾಡಿರಲಿಲ್ಲ. ಅದರ ಬಗ್ಗೆ ಗಂಡ ಹೆಂಡತಿ ಇವತ್ತಿನವರೆಗೆ ಮಾತಾಡಿಲ್ಲ.

ಗುರುವಾರ ನಾಲ್ಕು ಗಂಟೆಗೆ ಅವನು ರಮಾನಾಥನ ಅಂಗಡಿಯ ಮುಂದೆ ನಿಂತು ಗಾಜಿಗೆ ಅಂಟಿಸಿದ ಪಟ್ಟಿ ನೋಡುತ್ತಿದ್ದ. ಪಟ್ಟಿಯಲ್ಲಿ ನೋಡುವುದೇನೂ ಉಳಿದಿರಲಿಲ್ಲ.

“ಸರ್, ಒಳಗೆ ಬನ್ನಿ ಸರ್,” ಎಂದು ರಮಾನಾಥ ಎದ್ದು ಕುರ್ಚಿ ಸರಿಸಿದ. “ಬೈಠಿಯೆ. ಚಾ ಕುಡೀತೀರಲ್ಲಾ?”

ಸರ್ ಎಂಬ ಮಾತು ಕಿವಿಗೆ ಬಿದ್ದು ಮೂರು ತಿಂಗಳಾಗಿತ್ತು. ನಂಜುಂಡ ಕೂತ. ಅರ್ಧ ಲೋಟದ ಕಟಿಂಗ್ ಚಹಾ ಬಂತು.

“ಆಂಟಿ ಏಕ್‌ದಮ್ ಡೇಂಜರ್ ಆಡ್ತಾರಂತೆ ಸರ್. ಶೀಲಕ್ಕ ಹೇಳಿದ್ರು. ನನಗೆ ಚಿತ್ ಮಾಡ್ತಾರೆ ಅಂತ,” ಎಂದು ರಮಾನಾಥ ನಕ್ಕ. “ನಾನು ನೋಡೇ ಇಲ್ಲ ಅವರ ಆಟ. ನೀವು ನೋಡ್ತೀರಲ್ಲ ಡೈಲಿ, ನಿಮಗೆ ಏನು ಅನಿಸ್ತದೆ ಸರ್?”

ಅವನು ಕೇಳಿದ್ದು ಅಷ್ಟೇ. ತಂಡದಲ್ಲಿ ಯಾರಿದ್ದಾರೆ ಎಂದು ಕೇಳಿರಲಿಲ್ಲ. ‘ಚೆನ್ನಾಗಿ ಆಡ್ತಾಳೆ’ ಎಂದು ಹೇಳಿ ಚಹಾ ಮುಗಿಸಿ ಏಳಬಹುದಿತ್ತು. ನಂಜುಂಡ ಲೋಟವನ್ನು ಗಾಜಿನ ಮೇಜಿನ ಮೇಲಿಟ್ಟ. ಸರಸ್ವತಿ ಬೆಂಕಿಯನ್ನು ಹೆಚ್ಚು ನಂಬಿದ್ದಾಳೆ, ಎದುರಿನವನು ನೀರಿನವರನ್ನು ಇಟ್ಟುಕೊಂಡರೆ ಕಷ್ಟ ಎಂದ. ಹೇಳುತ್ತಿದ್ದಂತೆ ರಮಾನಾಥನ ನಗು ನಿಂತು, ಅವನು ಮುಂದಕ್ಕೆ ಬಾಗಿದ. ಆ ಬಾಗಿದ ತಲೆ, ಪೂರ್ತಿ ತನ್ನ ಕಡೆಗೇ ತಿರುಗಿದ ಆ ಎರಡು ಕಣ್ಣು. ನಾಲ್ಕು, ಹನ್ನೊಂದು, ಹದಿನೇಳು, ಇಪ್ಪತ್ತೊಂಬತ್ತು, ಮೂವತ್ತೆಂಟು, ಐವತ್ತೆರಡು, ಎಂದು ನಂಜುಂಡ ಹಾಜರಿ ಕೂಗಿದಂತೆ ಹೇಳಿದ. ರಮಾನಾಥ ಬಿಲ್ ಪುಸ್ತಕದ ಹಿಂಬದಿಗೆ ಬರೆದುಕೊಂಡ. ಬರೆದ ಮೇಲೆ, ಯಾಕೋ, ಅವನ ಮುಖದಲ್ಲಿ ಸ್ವಲ್ಪ ಸಂಕೋಚ ಬಂತು. “ಆಂಟಿಗೆ ಗೊತ್ತುಂಟಾ ಸರ್, ನೀವು ಇಲ್ಲಿ ಬಂದದ್ದು?” ಎಂದ. ನಂಜುಂಡ ಕರಿಬೇವು ಕೊಳ್ಳಬೇಕೆಂದು ಹೇಳಿ ಎದ್ದ. ನಿಜವಾಗಿಯೂ ಕೊಂಡ. ಮನೆಯಲ್ಲಿ ಕರಿಬೇವು ಇತ್ತು.

ಶುಕ್ರವಾರ, ಶನಿವಾರ ಅವನು ಹೇಳಿಬಿಡಬೇಕೆಂದುಕೊಂಡ. ಹೇಳಿದರೆ ಅವಳು ತಂಡ ಬದಲಾಯಿಸಿಕೊಳ್ಳುತ್ತಿದ್ದಳು, ನಷ್ಟವೇನೂ ಇರಲಿಲ್ಲ. ಚೀಟಿ ಕೊಡುವುದು ಭಾನುವಾರ ಬೆಳಿಗ್ಗೆ. ಅದಕ್ಕೆ ಬೇಕಾಗಿದ್ದದ್ದು ಒಂದೇ ವಾಕ್ಯ. ಆ ವಾಕ್ಯವನ್ನು ಹಲ್ಲುಜ್ಜುವಾಗ ಕಟ್ಟಿದ, ಪೇಪರ್ ಓದುವಾಗ ತಿದ್ದಿದ. ‘ಮೊನ್ನೆ ಹೀಗೇ ಮಾತಿಗೆ ಮಾತು ಬಂದು’ ಎಂದು ಶುರುಮಾಡುವುದು ಚೆನ್ನಾಗಿತ್ತು, ಆದರೆ ಮಾತಿಗೆ ಮಾತು ಬಂದಿರಲಿಲ್ಲ. ಶನಿವಾರ ಸರಸ್ವತಿ ಸೀರೆಗೆ ಇಸ್ತ್ರಿ ಹಾಕುತ್ತ ಏನನ್ನೋ ಗುನುಗುತ್ತಿದ್ದಳು. ಅವಳು ಗುನುಗಿದ್ದನ್ನೂ ಅವನು ಈ ಮೊದಲು ಕೇಳಿರಲಿಲ್ಲ. ಈಗ ಹೇಳುವುದು ಸರಿಯಲ್ಲ ಎಂದುಕೊಂಡ.

ಬಾಂದ್ರಾದ ಶಾಲೆಯ ಹಾಲಿನಲ್ಲಿ ನಾಲ್ಕು ಟಿ.ವಿ.ಗಳನ್ನಿಟ್ಟಿದ್ದರು. ಬಂದವರಲ್ಲಿ ಹೆಚ್ಚಿನವರು ಕಾಲೇಜಿನವರು. ಚೀಟಿ ತೆಗೆದುಕೊಳ್ಳುವ ಮೇಜಿನವನು ಸರಸ್ವತಿಯ ಇಸ್ತ್ರಿ ಮಾಡಿದ ಸೀರೆ, ಕೈಚೀಲ, ಹಣೆಯ ಕುಂಕುಮ ಎಲ್ಲವನ್ನೂ ನೋಡಿ, “ಆಂಟೀ, ಬಚ್ಚಾ ಕಹಾಂ ಹೈ?” ಎಂದು ಆಡುವ ಮಗುವಿಗಾಗಿ ಹುಡುಕಿದ.

“ಮೈಂ ಹೀ ಹೂಂ,” ಎಂದು ಸರಸ್ವತಿ ತನ್ನನ್ನೇ ತೋರಿಸಿಕೊಂಡಳು. ಕೈಚೀಲವನ್ನು ನಂಜುಂಡನಿಗೆ ಕೊಟ್ಟು, ಮೇಜಿನ ಮೇಲೆ ಬಾಗಿ ಚೀಟಿ ಬರೆದಳು. ಪಕ್ಕದಲ್ಲಿದ್ದ ಶೀಲಾವತಿ ಚೀಟಿ ನೋಡಿ ಅವಳ ತೋಳು ಹಿಡಿದು ಏನೋ ಕೇಳಿದಳು, ಎರಡು ಕೈಯನ್ನೂ ಬೀಸಿದಳು. ಸರಸ್ವತಿ ಪೆನ್ನಿನ ಮುಚ್ಚಳ ಹಾಕಿದಳು. ನಂಜುಂಡ ಪ್ರೇಕ್ಷಕರ ಕುರ್ಚಿಗಳ ಎರಡನೇ ಸಾಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಈಗ ಎದ್ದು ಹೋಗಿ ಹೇಳಿದರೂ ಪ್ರಯೋಜನವಿಲ್ಲ ಎಂದು ತಿಳಿದಾಗ ಒಂದು ಬಗೆಯ ನೆಮ್ಮದಿಯೂ ಆಯಿತು, ಆ ನೆಮ್ಮದಿಗೆ ಹೇಸಿಗೆಯೂ ಆಯಿತು.

ಆಟ ಶುರುವಾಯಿತು. ರಮಾನಾಥನ ಮೊದಲ ರಾಕ್ಷಸ ಪರದೆಗೆ ಬಂತು. ಉದ್ದ ಮೂತಿ, ಮೂತಿಯ ತುದಿಯಲ್ಲಿ ಹನಿ. ಅದು ನಲ್ಲಿ. ಚೆಂಬೂರಿನ ಕಡೆಯ ನಾಲ್ಕೈದು ಜನ, ರಮಾನಾಥನ ಬೆಂಕಿಯನ್ನಷ್ಟೇ ಕಂಡವರು, ಆಶ್ಚರ್ಯದಿಂದ ಸದ್ದು ಮಾಡಿದರು. ನಂಜುಂಡ ಕಣ್ಣು ಮುಚ್ಚಿದ. ಈಗ ಒಲೆ ಬರುತ್ತದೆ, ಎರಡು ಏಟಿಗೆ ಆರುತ್ತದೆ. ಸದ್ದು ಬಂತು, ಆದರೆ ತಗಡಿನ ಮೇಲೆ ಗೋಲಿಯ ಸದ್ದಲ್ಲ, ಬೇರೆ, ಯಾರೋ ಕೊನೆಯ ಗುಟುಕು ಹೀರಿದಂಥ ಸದ್ದು. ಕಣ್ಣು ತೆರೆದರೆ ಪರದೆಯ ಈ ತುದಿಯಲ್ಲಿ ಬಸಳೆ ನಿಂತಿತ್ತು, ನುಲಿದ ಹಸಿರು ಬಳ್ಳಿ, ಎಲೆಗಳ ಮಧ್ಯೆ ಎರಡು ಪೆದ್ದು ಕಣ್ಣು. ನಲ್ಲಿಯ ಆಯುಸ್ಸು ಅರ್ಧಕ್ಕಿಳಿದಿತ್ತು. ರಮಾನಾಥ ನಲ್ಲಿಯನ್ನು ಹಿಂದೆ ಕರೆದು ಇನ್ನೊಂದನ್ನು ಕಳಿಸಿದ. ಅದೂ ನೀರಿನದೇ. ಮೂರನೆಯದು, ನಾಲ್ಕನೆಯದು, ಎಲ್ಲ ನೀರು. ಸರಸ್ವತಿಯ ಕಡೆಯಿಂದ ಒಂದರ ಹಿಂದೊಂದು ಗಿಡ, ಬಳ್ಳಿ, ಮುಳ್ಳಿನ ಪೊದೆ ಬಂದು ಕುಡಿದವು. ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಅವಳದು ಎರಡು ಬಿದ್ದಿದ್ದವು, ರಮಾನಾಥನದು ಆರು.

ರಮಾನಾಥ ಕೈಯ ಪೆಟ್ಟಿಗೆಯನ್ನು ಕೆಳಗಿಟ್ಟ. ಆಮೇಲೆ ಹಿಂದೆ ತಿರುಗಿ ಎರಡನೇ ಸಾಲಿನಲ್ಲಿ ನಂಜುಂಡನನ್ನು ಹುಡುಕಿ, ಚಪ್ಪಾಳೆ ತಟ್ಟಿ ಗಟ್ಟಿಯಾಗಿ ನಕ್ಕ.

“ಮಾನ್ ಗಯೇ ಸರ್! ಅಂಗಡಿಗೆ ಬಂದು, ಚಾ ಕುಡಿದು, ಆರು ನಂಬರ್ ಬರೆಸಿ ಹೋದ್ರಲ್ಲ! ನಾನು ಸಚ್ಚಿ ಅಂತ ತಿಳಿದು ಎಲ್ಲ ಪಾನೀವಾಲಾ ತಗೊಂಡೆ. ಆಂಟೀ, ನಿಮ್ಮ ಹಸ್ಬೆಂಡ್ ಬಹುತ್ ಚಾಲಾಕ್ ಇದ್ದಾರೆ!”

ಸುತ್ತ ಇದ್ದವರು ನಕ್ಕರು. ಯಾರೋ ಹಿಂದಿನಿಂದ ನಂಜುಂಡನ ಬೆನ್ನು ತಟ್ಟಿದರು. ಶೀಲಾವತಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಗಂಡ ಹೆಂಡತಿ ಒಟ್ಟಿಗೆ ಸೇರಿ ಪ್ಲಾನ್ ಮಾಡಿದ್ದಾ? ನನಗೊಂದು ಮಾತು ಹೇಳ್ಬಾರ್ದಾ ಅಕ್ಕ? ಚೀಟಿ ನೋಡಿ ನನ್ನ ಎದೆ ಒಡೆದು ಹೋಯ್ತು!” ನಂಜುಂಡ ನಗಬೇಕಾಯಿತು. ನಕ್ಕ. ತಾನು ಮಾಡಿದ್ದು ಏನೆಂದು ತಿಳಿದವರು ಆ ಹಾಲಿನಲ್ಲಿ ತಾನೊಬ್ಬನೇ ಎಂದುಕೊಂಡ. ಆಗ ಸರಸ್ವತಿಯ ಮುಖ ಕಂಡಿತು. ಅವಳು ರಮಾನಾಥನ ಮಾತು ಕೇಳಿ ಆಶ್ಚರ್ಯಪಟ್ಟಿರಲಿಲ್ಲ. ಬಂದು ಕೈಚೀಲದಿಂದ ಕರ್ಚೀಫು ತೆಗೆದುಕೊಂಡು ಮತ್ತೆ ಚೀಲ ಅವನಿಗೇ ಕೊಟ್ಟಳು.

ಎರಡನೆಯ ಸುತ್ತಿನಲ್ಲಿ ಬೊರಿವಲಿಯಿಂದ ಬಂದ ಪ್ರಫುಲ್ಲಾ ಎಂಬ ದಪ್ಪ ಕನ್ನಡಕದ ಕಾಲೇಜು ಹುಡುಗಿ ಎದುರಾದಳು. ಅವಳ ಮೊದಲ ರಾಕ್ಷಸ ಬೆಂಕಿ. ಎರಡನೆಯದೂ ಬೆಂಕಿ. ಬಸಳೆ ಒಂದೇ ಏಟಿಗೆ ಬೂದಿಯಾಯಿತು. ಆರು ನಿಮಿಷ. “ಸಾರಿ ಹಾಂ ಆಂಟಿ,” ಎಂದಳು ಹುಡುಗಿ. “ಚೆನ್ನಾಗಿ ಆಡ್ತೀಯಮ್ಮ,” ಎಂದು ಸರಸ್ವತಿ ಅವಳ ಕೆನ್ನೆ ಮುಟ್ಟಿದಳು. ಹುಡುಗಿಗೆ ಭಾಷೆ ತಿಳಿಯಲಿಲ್ಲ, ಮಾತು ತಿಳಿಯಿತು.

“ಒಲೆ, ಕುಕ್ಕರ್ ತಕೊಂಡಿದ್ರೆ ಈ ಹುಡುಗಿಗೆ ಬಿಡ್ತಿದ್ವಾ? ಬಹುಮಾನದ ಕಪ್ಪು ನಮ್ಮದೇ ಇತ್ತು,” ಎಂದು ಶೀಲಾವತಿ ಬಾಂದ್ರಾ ಸ್ಟೇಷನ್ನಿನವರೆಗೂ ಗೊಣಗಿದಳು. “ಒಬ್ಬ ರಮಾನಾಥನನ್ನು ಸೋಲಿಸ್ಲಿಕ್ಕೆ ಎಲ್ಲ ಗಿಡ ತುಂಬಿಸಿದ್ದು ಎಂತಕ್ಕೆ ಅಂತ ನನಗೆ ಇನ್ನೂ ಅರ್ಥ ಆಗೂದಿಲ್ಲ.” ಶೀಲಾವತಿಗೆ ಮಾಹಿಮಿನಲ್ಲಿ ತಂಗಿಯ ಮನೆಗೆ ಹೋಗುವುದಿತ್ತು. ಅವಳು ಅಲ್ಲಿ ಇಳಿದಳು. ಗಂಡ ಹೆಂಡತಿ ವಡಾಳಾದಲ್ಲಿ ಇಳಿದು ಚೆಂಬೂರಿನ ಗಾಡಿಗಾಗಿ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತರು. ಮಧ್ಯಾಹ್ನದ ಬಿಸಿಲು ಹಳಿಗಳ ಮೇಲೆ ಬಿದ್ದಿತ್ತು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳು ಮೀನಿನ ಬುಟ್ಟಿಗೆ ಒದ್ದೆ ಗೋಣಿ ಹೊದಿಸುತ್ತಿದ್ದಳು. ನಂಜುಂಡ ಅವಳು ಗೋಣಿಯ ನಾಲ್ಕು ಮೂಲೆಯನ್ನೂ ಸಿಕ್ಕಿಸುವವರೆಗೆ ನೋಡಿದ.

“ರಮಾನಾಥ ಹೇಳಿದ್ದು ಕೇಳಿಸ್ತಲ್ಲ,” ಎಂದ.

“ಕೇಳಿಸ್ತು.”

“ಚಾಲಾಕಿ ಮಾಡೋಕೆ ಅಂತ ನಾನು ಹೇಳಿದ್ದಲ್ಲ.”

“ಗೊತ್ತು.”

ಇಷ್ಟು ಬೇಗ ಮುಗಿಯುತ್ತದೆಂದು ಅವನು ಎಣಿಸಿರಲಿಲ್ಲ. ಎರಡು ದಿನ ಕಟ್ಟಿದ ವಾಕ್ಯಗಳೆಲ್ಲ ಕೆಲಸಕ್ಕೆ ಬಾರದೆ ಉಳಿದವು. “ನಿನಗೆ ಹೆಂಗೆ ಗೊತ್ತಾಯ್ತು? ತಂಡ ಯಾವಾಗ ಬದಲಾಯಿಸಿದೆ?”

“ಬುಧವಾರ. ತಾರಸಿಯಿಂದ ಇಳಿದು ಬಂದೆನಲ್ಲ, ಪುಸ್ತಕದ ಹಾಳೆಗೆ ಎಣ್ಣೆ ಆಗಿತ್ತು. ನೀವು ನೋಡಿದ್ರಿ ಅಂತ ಗೊತ್ತಾಯ್ತು. ಸಂಜೆ ಕೂತು ಬೇರೆ ಬರೆದೆ.”

“ನಾನು ಅವನ ಅಂಗಡಿಗೆ ಹೋಗಿದ್ದು ಗುರುವಾರ.”

“ಹೌದಾ,” ಎಂದಳು ಸರಸ್ವತಿ. “ನಾನು ಶನಿವಾರ ಹೋಗ್ತೀರ ಅಂದ್ಕೊಂಡಿದ್ದೆ.”

ನಂಜುಂಡ ಹೊತ್ತಿನ ಲೆಕ್ಕ ಹಾಕಿದ. ಬುಧವಾರ ಸಂಜೆ ಆರು, ಗುರುವಾರ ನಾಲ್ಕು. ಬುಧವಾರ ಸಂಜೆ ಅವನಿಗೆ ಯಾರಿಗೂ ಏನೂ ಹೇಳುವ ಯೋಚನೆ ಇರಲಿಲ್ಲ. ಗುರುವಾರ ಗಾಜಿನ ಮುಂದೆ ನಿಂತಾಗಲೂ ಇರಲಿಲ್ಲ. ಅವನಿಗೇ ಇನ್ನೂ ಗೊತ್ತಿಲ್ಲದ್ದನ್ನು ಅವಳು ಅಡುಗೆಮನೆಯಲ್ಲಿ ಕೂತು, ಇಪ್ಪತ್ತೆರಡು ಗಂಟೆ ಮೊದಲೇ, ನಂಬರು ಹಾಕಿ ಬರೆದಿಟ್ಟಿದ್ದಳು. ಕೋಪ ಬರಬೇಕಿತ್ತು ಎನಿಸಿತು, ಹುಡುಕಿದ, ಸಿಗಲಿಲ್ಲ. ದೂರದಲ್ಲಿ ಗಾಡಿಯ ಮೂತಿ ಕಂಡಿತು. ಜನ ಎದ್ದರು. ಸರಸ್ವತಿ ಸೆರಗು ಸರಿಮಾಡಿಕೊಂಡು ಕೈಚೀಲಕ್ಕಾಗಿ ಕೈ ಚಾಚಿದಳು.

“ನಾನು ಹೇಳ್ದೇ ಇದ್ದಿದ್ರೆ?” ಎಂದ ನಂಜುಂಡ, ಚೀಲ ಬಿಡದೆ.

“ಹೇಳ್ದೇ ಇದ್ದಿದ್ರೆ ಮೊದಲ್ನೇ ಆಟದಲ್ಲೇ ಸೋಲ್ತಿದ್ದೆ. ಅವನು ಅವನ ಬೆಂಕೀನೇ ತರ್ತಿದ್ದ. ನನ್ನ ಗಿಡಗಳು ಐದು ನಿಮಿಷ ನಿಲ್ತಿರ್ಲಿಲ್ಲ.”

ಗಾಡಿ ಬಂದು ನಿಂತಿತು. ಅವಳು ಚೀಲ ತೆಗೆದುಕೊಂಡು ಲೇಡೀಸ್ ಡಬ್ಬಿಯ ಕಡೆಗೆ ನಾಲ್ಕು ಹೆಜ್ಜೆ ಹೋದಳು. ಕಂಬಿ ಹಿಡಿದು, ಒಂದು ಕಾಲು ಮೇಲಿಟ್ಟು, ತಿರುಗಿದಳು.

“ಸೋತಿದ್ರೆ ಚೆನ್ನಾಗಿರ್ತಿತ್ತು ಕಣ್ರೀ,” ಎಂದು ಹತ್ತಿದಳು.